ತೆರೆಯದ ಹಿಂಡಿ ಡಬ್ಬಿ

ಸಿಂದಗಿ, ೧೨ ನವೆಂಬರ್, ಬುಧವಾರ

ಅಂತೂ ಇವತ್ತು ಕೇಳಿಬಿಟ್ಟೆ. ಆಗಿನಿಂದ ಒಂದೇ ಸಮನೆ ತಳಮಳ.

ಕುತ್ತಿಗೆಯ ಗಂಟಿಗೆ ಧರ್ಮರಾಜ ಡಾಕ್ಟರು ಕೊಟ್ಟ ಗುಳಿಗೆ ನುಂಗಿ ನುಂಗಿ ಸಾಕಾಗಿತ್ತು. ಗಂಟು ಕರಗಲಿಲ್ಲ. ಆದರೆ ವಿಜಯಪುರದ ದೊಡ್ಡ ಡಾಕ್ಟರಿಗೆ ಚೀಟಿ ಬರೆದುಕೊಡಿ ಎಂದು ಇವರನ್ನೇ ಕೇಳುವುದು ಹೇಗೆ? ನನ್ನ ಮಕ್ಕಳ ಜ್ವರವೆಲ್ಲ ಇಳಿಸಿದ ಕೈ ಅದು. ನಮ್ಮ ಮನೆಯವರಂತೂ, "ಅವರ ಕೈಗುಣ ಛಲೋ ಐತಿ, ನಸ್ರೀನ. ಸುಮ್ನ ಅವರ ಮನಸ್ಸು ನೋಯಿಸಬ್ಯಾಡ," ಎಂದು ತಡೆಯುತ್ತಲೇ ಬಂದಿದ್ದರು.

ಬರಿಗೈಲಿ ಹೋಗಿ ಇಂಥದ್ದು ಕೇಳಲಾಗದೆಂದು ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಕುಟ್ಟಿ ಡಬ್ಬಿ ತುಂಬಿಕೊಂಡು ಹೋದೆ. ಡಾಕ್ಟರಿಗೆ ಅದೆಂದರೆ ಪ್ರಾಣ. ಪೇಷಂಟುಗಳ ಎದುರಿಗೇ ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವ ಮನುಷ್ಯ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಮ್ಮೆ ವಿಜಯಪುರದಾಗ ತೋರಿಸ್ಲೇನ್ರಿ?" ಎಂದೆ.

ಸಿಟ್ಟಾಗಲಿಲ್ಲ. "ನಾನೂ ಅದನ್ನ ಹೇಳಾಂವ ಇದ್ದೆ, ತಂಗಿ. ನೀ ಹೆದರ್ತಿ ಅಂತ ಸುಮ್ಮನಿದ್ದೆ," ಎಂದು ಆಗಲೇ ಚೀಟಿ ಬರೆದರು. ಅಲ್ಲಿಗೆ ಫೋನನ್ನೂ ಮಾಡಿದರು. "ನಾಳೇನ ಹೋಗು. ತಡಾ ಮಾಡಬ್ಯಾಡ."

ಮನೆಯವರು ಚೀಟಿ ನೋಡಿ, "ಎಷ್ಟು ದೊಡ್ಡ ಮನಸ್ಸು ನೋಡು," ಎಂದು ನಿಶ್ಚಿಂತೆಯಿಂದ ಮಲಗಿದ್ದಾರೆ. ನನಗೆ ನಿದ್ದೆಯಿಲ್ಲ. "ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ಬೈದಿದ್ದರೆ ಈ ಗಂಟಿನ ಭಯ ಎಷ್ಟು ಹಗುರಾಗುತ್ತಿತ್ತು. ಆ ಮನುಷ್ಯ ಇವತ್ತು ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ.