ಮುಟ್ಟಿದಾಗ ಕಂಡದ್ದು

ಜೂನ್ 9, ಸೋಮವಾರ

ಬೆಳಗ್ಗೆ ಮಕ್ಕಳಿಗೆ ಪಿಯಾನೊ ಪಾಠ. ಮುಗಿಯುವ ಹೊತ್ತಿಗೆ ಇನ್ಸ್‌ಪೆಕ್ಟರ್ ಗುರುಬಸವ ಬಂದರು, ಮಫ್ತಿಯಲ್ಲಿ. ಕಳೆದುಹೋದ ಮಗುವೊಂದನ್ನು ಅದರ ಅಂಗಿ ಮುಟ್ಟಿ ನಾನು ಹುಡುಕಿಕೊಟ್ಟಾಗಿನಿಂದ ಹೀಗೆ ಬರುತ್ತಾರೆ. ಫೈಲಿನಲ್ಲಿ ನನ್ನ ಹೆಸರಿರುವುದಿಲ್ಲ. ನಾನೂ ಕೇಳಿಲ್ಲ.

ಹುಬ್ಬಳ್ಳಿಯಲ್ಲಿ ಎರಡು ಕೊಲೆ. ಇಬ್ಬರೂ ಹೆಂಗಸರು, ಸಂಜೆ ಬಸ್ಸಿಗೆ ಕಾಯುತ್ತಿದ್ದವರು. ಕತ್ತಿಗೆ ಒಂದೇ ಬಗೆಯ ಹಗ್ಗ. ಎರಡನೆಯವಳ ಚಪ್ಪಲಿ ತಂದಿದ್ದರು. ಅಂಗೈ ಮೇಲಿಟ್ಟುಕೊಂಡೆ. ಕಣ್ಣೆದುರು ಗಂಡಸಿನ ಕೈ. ಉಗುರಿನ ಸಂದಿಯಲ್ಲಿ ಅರಿಶಿನ. ಮುಖ ಕಾಣಲಿಲ್ಲ... ಕಂಡಷ್ಟೇ ಹೇಳಿದೆ. ಆಮೇಲೆ ತಲೆನೋವು. ಚಹಾ, ಮಾತ್ರೆ.

ಜೂನ್ 12

ಅಮರಗೋಳದ ಎಪಿಎಂಸಿಯಲ್ಲಿ ಅರಿಶಿನದ ಮೂಟೆ ಹೊರುವ ಹಮಾಲನನ್ನು ಹಿಡಿದಿದ್ದಾರೆ. ದತ್ತು ಅಂತ. ಟಿವಿಯಲ್ಲಿ ಅವನ ಮುಖ ಮುಚ್ಚಿ ತೋರಿಸಿದರು. ಬೆಂಗೇರಿಯ ಅವನ ಮನೆಯನ್ನು ಮುಚ್ಚಲಿಲ್ಲ.

ಜೂನ್ 13

ಠಾಣೆಗೆ ಹೋದೆ, ಕರೆಯದಿದ್ದರೂ. ದತ್ತುವಿನ ಅಂಗಿ ಕೇಳಿ ಮುಟ್ಟಿದೆ. ಮೂಟೆಯ ಭಾರ, ಬೆನ್ನುನೋವು, ಭಯ — ಅಷ್ಟೇ. ಹೆಂಗಸಿಲ್ಲ, ಹಗ್ಗವಿಲ್ಲ.

"ಇವಾ ಅಲ್ರಿ," ಎಂದೆ.

ಗುರುಬಸವ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿದರು. "ಅರಿಶಿನ ಅಂದವರು ನೀವ ಅಲ್ರಿ, ಡೋರಾ ಮೇಡಂ?"

"ಅರಿಶಿನ ಅಂದೇನಿ. ಹಮಾಲ ಅಂದಿಲ್ಲ."

ಮೇಲಿನವರಿಗೆ ವರದಿ ಹೋಗಿದೆಯಂತೆ. ದತ್ತುವನ್ನು ಬಿಡಲಿಲ್ಲ. 

ಜೂನ್ 21, ಬೆಳಗ್ಗೆ

ಮತ್ತೊಬ್ಬಳು ಕಾಣೆ. ಮಾನಸಿ, ನರ್ಸಿಂಗ್ ಓದುವ ಹುಡುಗಿ. ನಿನ್ನೆ ಸಂಜೆ ಬಸ್ ಸ್ಟಾಪಿನಲ್ಲಿ ಅವಳ ದುಪಟ್ಟಾ ಸಿಕ್ಕಿದೆ. ದತ್ತು ಇನ್ನೂ ಜೈಲಿನಲ್ಲಿ. ಗುರುಬಸವ ಆ ಮಾತೆತ್ತಲಿಲ್ಲ. ದುಪಟ್ಟಾ ಕೈಗಿಟ್ಟರು.

ಸತ್ತವರ ವಸ್ತು ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು. ತಗಡಿನ ಮಾಡು. ಮುರಿದ ಮಗ್ಗ, ಹತ್ತಿಯ ಧೂಳು. ಹೊರಗೆ ಟೆಂಪೊ, ಅದರಲ್ಲಿ ಅರಿಶಿನದ ಖಾಲಿ ಚೀಲ.

"ಹುಡುಗಿ ಜೀವಂತ ಅದಾಳ್ರಿ. ಮುಚ್ಚಿದ ಮಗ್ಗದ ಶೆಡ್ ಹುಡುಕ್ರಿ. ಲಗೂ."

ಮಗ್ಗವೆಂದರೆ ಗರಗ, ಖಾದಿ ನೇಯುವ ಊರು, ಎಂದರು. ಎದ್ದವರು ಬಾಗಿಲಲ್ಲಿ ನಿಂತರು. "ಈ ಸಲ ಖಾತ್ರಿ ಏನ್ರಿ?"

"ಆ ಸಲನೂ ಖಾತ್ರಿನ ಇತ್ರಿ."

ಅದೇ ದಿನ, ಮಧ್ಯಾಹ್ನ

ಫೋನ್ ಬಂತು. ಮಾನಸಿ ಸಿಕ್ಕಳು. ಉಸಿರಿದೆ. ಟೆಂಪೊದವನನ್ನೂ ಅಲ್ಲೇ ಹಿಡಿದರು. ಕಪಿಲ ಅಂತ, ಎಪಿಎಂಸಿಯಿಂದ ಊರೂರಿಗೆ ಅರಿಶಿನ ಸಾಗಿಸುವವನು. ಹಗ್ಗ ಸೀಟಿನ ಕೆಳಗಿತ್ತು. ಎರಡು ಕೊಲೆ, ಈ ಅಪಹರಣ, ಮೂರನ್ನೂ ಒಪ್ಪಿಕೊಂಡನಂತೆ.

ಫೋನ್ ಇಟ್ಟು ಅನ್ನಕ್ಕೆ ಇಟ್ಟೆ.

ಜೂನ್ 26

ದತ್ತುವನ್ನು ಬಿಟ್ಟರು. ಬೆಂಗೇರಿಗೆ ಹೋಗಿದ್ದೆ. ಅರಿಶಿನದ ಮಾತು ನನ್ನದೆಂದು ಬಾಗಿಲಲ್ಲೇ ಹೇಳಿದೆ. ಅವನು ಮಂಚದ ಮೇಲಿಂದ ಏಳಲಿಲ್ಲ. ಹೆಂಡತಿ ಲಕ್ಷ್ಮೀಬಾಯಿ ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಜುಲೈ 13, ಭಾನುವಾರ

ಚರ್ಚಿನಿಂದ ಬಂದರೆ ಬಾಗಿಲಲ್ಲಿ ಮಾನಸಿ, ಅವಳ ತಾಯಿ. ಹುಡುಗಿಯ ಕತ್ತಿನಲ್ಲಿ ಹಗ್ಗದ ಗುರುತು ಇನ್ನೂ ಮಾಸಿಲ್ಲ. ತಾಯಿಯೇ ಮಾತಾಡಿದರು — ನಿದ್ದೆಯಿಲ್ಲ, ಬಸ್ಸು ಹತ್ತುವುದಿಲ್ಲ, ಕಾಲೇಜು ಬೇಡವೆನ್ನುತ್ತಾಳೆ. ಹುಡುಗಿ ಕೈ ಚಾಚಿದಳು.

"ಮುಟ್ಟಿ ನೋಡ್ರಿ ಆಂಟಿ. ಈ ಅಂಜಿಕಿ ಹೋಗ್ತದ ಇಲ್ಲೊ, ಹೇಳ್ರಿ."

ಮುಂದೆ ಆಗುವುದು ನನಗೆ ಎಂದೂ ಕಂಡಿಲ್ಲ. ಮನುಷ್ಯರನ್ನು ಹಾಗೆ ಮುಟ್ಟಿಯೂ ಇಲ್ಲ, ವಸ್ತುಗಳನ್ನಷ್ಟೇ. ಅದನ್ನು ಹೇಳಬೇಕಿತ್ತು. ಕೈ ಹಿಡಿದೆ. ಏನೂ ಕಾಣಲಿಲ್ಲ. ಬರೀ ಕೈ. ಸಣ್ಣದು, ಬೆವೆತದ್ದು.

"ಏನೂ ಕಾಣವಲ್ದವಾ," ಎಂದೆ. "ಕೂಡು. ಚಹಾ ಮಾಡ್ತೇನಿ."

ಅವಳು ಕೈ ಬಿಡಲಿಲ್ಲ. ಬಿಡಿಸಿಕೊಂಡು ಏಳಬಹುದಿತ್ತು. ನಾನೂ ಬಿಡಲಿಲ್ಲ.