ಇಡೀ ದೇಶವನ್ನು ಮನೆಯ ಕಂಪ್ಯೂಟರಿಗೆ ತುರುಕಿದವಳ ದೂರು

ಪರೀಕ್ಷಾ ಫಲಿತಾಂಶ ವಿಭಾಗದ ಮಾನ್ಯ ಮುಖ್ಯಸ್ಥರೇ,

ದೇಶದ ಅಷ್ಟೂ ಮಕ್ಕಳ ಹೈಸ್ಕೂಲು ಅಂತಿಮ ಪರೀಕ್ಷೆಯ ಅಂಕಗಳನ್ನು ಒಂದೇ ಫೈಲಿನಲ್ಲಿ ಕಟ್ಟಿ ಬಿಟ್ಟಿದ್ದೀರಿ. ಇಡೀ ಒಂಟೆಯನ್ನು ಬೇಯಿಸಿ ಬೀದಿಗೆ ತಂದಿಟ್ಟು, ಒಬ್ಬೊಬ್ಬರ ಕೈಗೂ ಚಮಚ ಕೊಟ್ಟಂತಾಯಿತು. ಕೊಯ್ದು ತಿನ್ನಲು ಬಾರದವಳು ನಾನೇ ಎಂದು ಒಪ್ಪುತ್ತೇನೆ. ಆದರೆ ಒಂಟೆ ನಿಮ್ಮದು.

ದಮನ್‌ಹೂರು ಪಟ್ಟಣದ ನಮ್ಮ ಕಟ್ಟಡದಲ್ಲಿ ಕಂಪ್ಯೂಟರ್ ಇರುವುದು ನನ್ನ ಮನೆಯಲ್ಲಿ ಮಾತ್ರ. ಮೊಬೈಲಿನಲ್ಲಿ ನಿಮ್ಮ ಫೈಲು ತೆರೆಯುವುದೂ ಇಲ್ಲ. ಹೀಗಾಗಿ ಫಲಿತಾಂಶದ ದಿನ ಎಲ್ಲ ಮಹಡಿಯವರೂ ನನ್ನಲ್ಲಿಗೇ ಬಂದರು. ಹಜ್ ಮಾಡಿ ಬಂದವಳೆಂದು ಎಲ್ಲರಿಗೂ ಹಾಜ್ಜಾ ಆದ ನಾನು ನ್ಯಾಯಾಧೀಶೆಯಂತೆ ಕುಳಿತೆ. ಕಟ್ಟಡದಿಂದ ಈ ಸಲ ಪರೀಕ್ಷೆ ಬರೆದವರು ಇಬ್ಬರೇ: ನನ್ನ ಮೊಮ್ಮಗ ಹೈಸಮ್, ಮೇಲಿನ ಮನೆಯ ಬಡಗಿ ಬಸ್ಯೂನಿಯ ಮಗಳು ನಜ್ಲಾ.

"ಹಾಜ್ಜಾ, ನಿಮ್ಮ ಕಂಪ್ಯೂಟರಿನ ಡೇಟಾಬೇಸಲ್ಲಿ ಪೂರ್ತಿ ಫೈಲು ಹಿಡಿಸೋದಿಲ್ಲ. ನಮ್ಮ ಜಿಲ್ಲೆ ಸಾಲುಗಳನ್ನಷ್ಟೇ ತಗೊಳ್ಳಿ, ಸಾಕು" ಎಂದಳು ನಜ್ಲಾ.

"ಚೂರುಪಾರು ತಗೊಳ್ಳೋಳಲ್ಲ ಕಣೇ ನಾನು. ತಂದ್ರೆ ಇಡೀ ದೇಶಾನೇ ತರ್ತೀನಿ. ನೀನು ಹೋಗಿ ಚಹಾ ಇಡು."

ಕಂಪ್ಯೂಟರ್ ಉಬ್ಬಸದವರಂತೆ ಏದುಸಿರುಬಿಟ್ಟು, ನಡುವೆ ಇಂಗ್ಲಿಷಿನಲ್ಲಿ ಏನನ್ನೋ ಕೇಳಿಕೊಂಡಿತು. ನೆರೆಹೊರೆಯವರ ಮುಂದೆ ಅರ್ಥವಾಗಲಿಲ್ಲ ಎನ್ನುವುದುಂಟೆ? ಸರಿ ಎಂದು ಒತ್ತಿದೆ. ಹೊಟ್ಟೆ ತುಂಬಿತು, ಉಳಿದದ್ದನ್ನು ಹೊರಗೇ ಬಿಡುತ್ತೇನೆ ಎಂದು ಅದು ಹೇಳಿತ್ತಂತೆ. ಬಿಟ್ಟದ್ದಾದರೂ ಎಲ್ಲಿ? ನಮ್ಮ ಜಿಲ್ಲೆಯ ನಡುವೆಯೇ. ಹುಡುಗರ ಶಾಲೆ ಒಳಗೆ, ಹುಡುಗಿಯರ ಶಾಲೆ ಹೊರಗೆ.

ಹೈಸಮ್‌ನ ಪರೀಕ್ಷಾ ನಂಬರು ಸಿಕ್ಕಿತು. "ಪಾಸು!" ಎಂದು ಸಾರಿದೆ, ಅಂಕವನ್ನು ಮಾತ್ರ ಗಂಟಲಲ್ಲೇ ಉಳಿಸಿಕೊಂಡೆ. ನಜ್ಲಾಳ ನಂಬರು ಸಿಗಲಿಲ್ಲ.

"ಇಲ್ಲ ಅಂದ್ರೆ ಏನರ್ಥ, ಹಾಜ್ಜಾ?" ಎಂದ ಬಸ್ಯೂನಿ.

"ಪಾಸಾಗಿದ್ರೆ ಇರ್ತಿತ್ತಲ್ಲಪ್ಪಾ. ಸರ್ಕಾರದ ಫೈಲು ಸುಳ್ಳು ಹೇಳುತ್ತಾ?"

ಅವನ ಅಣ್ಣ ತನ್ನ ಮಗನಿಗೆ ನಜ್ಲಾಳನ್ನು ಬಹಳ ದಿನಗಳಿಂದ ಕೇಳುತ್ತಿದ್ದ. ಬಸ್ಯೂನಿ ಅಲ್ಲಿಯೇ ಫೋನು ಹಚ್ಚಿದ: "ಶುಕ್ರವಾರ ಬಂದ್ಬಿಡಿ ಅಣ್ಣಾ, ಫಾತಿಹಾ ಓದಿ ಮದುವೆ ಮಾತು ಮುಗಿಸೋಣ. ಇವಳ ಓದು ಇವತ್ತಿಗೆ ಸಾಕಾಯ್ತು."

ನಜ್ಲಾ ಅಳಲಿಲ್ಲ. ನೆಟ್ಟಗೆ ನನ್ನ ಕುರ್ಚಿಯ ಬಳಿ ಬಂದು, "ಏಳಿ ಹಾಜ್ಜಾ" ಎಂದಳು. ನನ್ನ ಮನೆಯಲ್ಲಿ ನನಗೆ ಹಾಗೆಂದವರಿಲ್ಲ. ಎದ್ದೆ. ತುಂಬಿದ್ದನ್ನೆಲ್ಲ ಖಾಲಿ ಮಾಡಿ, ನಮ್ಮ ಜಿಲ್ಲೆಯ ಸಾಲುಗಳನ್ನಷ್ಟೇ ಆರಿಸಿ ತಂದಳು. ಚಹಾ ಆರುವ ಮುನ್ನ ಅವಳ ನಂಬರು ಬಂತು, ಅಂಕ ನೂರಕ್ಕೆ ತೊಂಬತ್ತನಾಲ್ಕು!

ಬಸ್ಯೂನಿ ತಲೆಯಲ್ಲಾಡಿಸಿದ. "ಆಗ ಇಲ್ಲ ಅಂತು, ಈಗ ಇದೆ ಅನ್ನುತ್ತೆ. ಮಗಳೇ ಕೂತು ಒತ್ತಿದ್ಮೇಲೆ ಬರದೇ ಇರುತ್ತಾ?"

ಅಂಕ ನಿಜವೆಂದು ಆಣೆಯಿಟ್ಟು ಹೇಳಿದೆ. ನನ್ನ ಸುಳ್ಳನ್ನು ತಕ್ಷಣ ನಂಬಿದ ಮನುಷ್ಯ ನನ್ನ ನಿಜಕ್ಕೆ ಸರ್ಕಾರದ ಮೊಹರು ಕೇಳುತ್ತಿದ್ದಾನೆ. ಮೊಹರಿನ ಅಂಕಪಟ್ಟಿ ನಿಮ್ಮಲ್ಲಿಂದ ಬರಲು ಎರಡು ವಾರ ಬೇಕಂತೆ. ಶುಕ್ರವಾರ ಅಲ್ಲಿಯವರೆಗೆ ಕಾಯುತ್ತದೆಯೇ?

ಮುಂದಿನ ವರ್ಷದಿಂದ ಜಿಲ್ಲೆಗೊಂದು ಫೈಲು ಕೊಡಿ. ನನ್ನಂಥ ಬುದ್ಧಿವಂತರು ದೇಶದಲ್ಲಿ ಇನ್ನೂ ಇದ್ದಾರು. ಆದರೆ ಈ ಒಬ್ಬಳ ಅಂಕಪಟ್ಟಿಯನ್ನು ಗುರುವಾರದೊಳಗೆ ಕಳಿಸಿ. ಬಾರದಿದ್ದರೆ, ವರನ ಕಡೆಯವರು ಹತ್ತಬೇಕಾದ ಮೆಟ್ಟಿಲಿಗೆ ನಾನೇ ಅಡ್ಡ ಕೂರುತ್ತೇನೆ. ನನಗೆ ಮೊಣಕಾಲು ನೋವು. ಒಮ್ಮೆ ಕೂತರೆ ಬೇಗ ಏಳಲಾಗದು.

ಇಂತಿ,
ತನ್ನ ಕಾಲದಲ್ಲಿ ಇದೇ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆರಡು ಪಡೆದು, ಅದನ್ನು ಈವರೆಗೆ ಯಾರಿಗೂ ಹೇಳದ
ಹಾಜ್ಜಾ ಇನ್ಶಿರಾಹ್