ಗಾಳಿಮಾತು

ಅಪ್ಪಾ,

ನೀನು ನನ್ನ ಕೆಲಸಕ್ಕಿಟ್ಟ ಹೆಸರನ್ನೇ ಇವತ್ತು ಸಭೆಯಲ್ಲಿ ನೀನು ದುಡಿದ ಕಾರ್ಖಾನೆಯ ಮ್ಯಾನೇಜರೂ ಹೇಳಿದರು. "ಇದೆಲ್ಲ ಬರೀ ಗಾಳಿಮಾತು ಕಣಮ್ಮ. ಚಿಮಣಿ ಹೊಗೆ ಮೇಲಕ್ಕೆ ಹೋಗುತ್ತೆ, ಅಷ್ಟೆ."

"ಹೌದು ಸಾರ್, ಗಾಳಿಯೇ ಹೇಳಿದ ಮಾತು," ಅಂದೆ. ಹೊಗೆ ಎಲ್ಲೆಲ್ಲಿ ಹರಡುತ್ತದೆಂದು ಕಂಪ್ಯೂಟರು ಲೆಕ್ಕ ಹಾಕಿದ ನಕ್ಷೆ ತೋರಿಸಿದೆ. ಚಳಿಗಾಲದ ಬೆಳಗ್ಗೆ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಾಗ, ಹೊಗೆಯ ಗಂಧಕವೆಲ್ಲ ಕೆಳಗಿಳಿದು ಕಾರ್ಮಿಕರ ಮನೆಗಳನ್ನು ತುಂಬುತ್ತದೆ. ನಕ್ಷೆಯಲ್ಲಿ ನಮ್ಮ ಹಳೇ ಮನೆಯಿದ್ದ ಜಾಗವೇ ಎಲ್ಲಕ್ಕಿಂತ ಕೆಂಪು.

"ಆ ಬಣ್ಣ ಸ್ವಲ್ಪ ತಿಳಿ ಮಾಡಮ್ಮ," ಎಂದರು. ಜಪ್ಪಯ್ಯ ಅಂದರೂ ನಾನು ಬಗ್ಗಲಿಲ್ಲ. ವರದಿಗೆ ಸಹಿ ಹಾಕಿ ಎದ್ದು ಬಂದೆ.

ನಿನಗೂ ತೋರಿಸಬೇಕಿತ್ತು, ಅಷ್ಟರಲ್ಲಿ ನೀನು ಕಣ್ಣು ಮುಚ್ಚಿಬಿಟ್ಟೆ. ಇದ್ದಿದ್ದರೂ ನೀನು ಗಾಳಿಮಾತು ಅಂತಲೇ ನಗುತ್ತಿದ್ದೆ. ಆಗ ನಾನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ: ಹಾಗಾದರೆ ಪಾಳಿಗೆ ಹೊರಡುವ ಮುಂಚೆ ನೀನು, ನಾನು ಮಲಗಿದ್ದ ಕೋಣೆಯ ಕಿಟಕಿ ಸಂದಿಗೆ ಒದ್ದೆ ಬಟ್ಟೆ ಯಾಕಪ್ಪಾ ತುರುಕುತ್ತಿದ್ದೆ?